ಮೂವತ್ತೆರಡನೆಯ ಮಹಡಿಯ ಚಾಮರಾಜ

ಚಾಮರಾಜನಿಗೆ ತಾನಿದ್ದ ಐರ್ಲೆಂಡಿನ ಅತ್ಲೋನಿನಲ್ಲಿ ಸ್ವಂತ ಮನೆ ಇರಲಿಲ್ಲ, ಬಾಡಿಗೆಯದೊಂದು ಇತ್ತು. ದುಬೈಯಲ್ಲಂತೂ ಬಾಡಿಗೆಯದೂ ಇರಲಿಲ್ಲ. ಹೀಗಿದ್ದರೂ ಎರಡು ಸಾವಿರದ ಇಪ್ಪತ್ತೊಂದರ ಫೆಬ್ರುವರಿಯಿಂದ ಮುಂದಕ್ಕೆ ಐರ್ಲೆಂಡಿನ ಕನ್ನಡಿಗರೆಲ್ಲ, ಅವರ ಮೂಲಕ ಮೈಸೂರಿನ ಸರಸ್ವತೀಪುರಂನ ಎರಡು ಪೂರ್ತಿ ರಸ್ತೆಗಳು, ಅವನಿಗೆ ದುಬೈಯಲ್ಲಿ ಮೂವತ್ತೆರಡನೆಯ ಮಹಡಿಯ ಮೇಲೆ ಮೂರು ಕೋಣೆಯ ಮನೆ ಇದೆಯೆಂದು ದೃಢವಾಗಿ ನಂಬಿದ್ದವು. ನಂಬದವರು ಮೂರೇ ಜನ: ಚಾಮರಾಜ, ಅವನ ಹೆಂಡತಿ ಕಾತ್ಯಾಯಿನಿ, ಮತ್ತು ಆ ಮನೆಯನ್ನು ಮಾರಬೇಕಾಗಿದ್ದ ಹುಡುಗಿ.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಮೊದಲು ಚಾಮರಾಜನ ಬನಿಯನ್ನುಗಳ ವಿಷಯ ತಿಳಿಯಬೇಕು.

ಚಾಮರಾಜ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ ತಪ್ಪುಗಳನ್ನು ಹುಡುಕಿ ಹುಡುಕಿ ಸಂಬಳ ತೆಗೆದುಕೊಳ್ಳುವ ಮನುಷ್ಯ. ಲಾಕ್‌ಡೌನ್ ಬಂದಮೇಲೆ ಅವನ ಆಫೀಸು ಮಹಡಿಯ ಮೇಲಿನ ಸಣ್ಣ ಕೋಣೆಗೆ ಬಂತು. ಆ ಕೋಣೆಯಲ್ಲಿ ಅವನಿಗಿಂತ ಮೊದಲೇ ಬಟ್ಟೆ ಒಣಗಿಸುವ ಸ್ಟ್ಯಾಂಡು ವಾಸವಾಗಿತ್ತು. ಐರ್ಲೆಂಡಿನ ಚಳಿಗಾಲದಲ್ಲಿ ಬಟ್ಟೆ ಒಣಗುವುದೆಂಬುದಿಲ್ಲ, ಒದ್ದೆಯಾಗಿರಲು ಬೇಸತ್ತು ಒಂದು ದಿನ ಸುಮ್ಮನಾಗುತ್ತದೆ. ಅಲ್ಲಿಯವರೆಗೆ ಅದನ್ನು ಕದಲಿಸಬಾರದೆಂದು ಕಾತ್ಯಾಯಿನಿಯ ಕಟ್ಟಪ್ಪಣೆ. ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ದಿನಕ್ಕೆ ನಾನೂರು ಜನರ ಮೂಗಿನ ಸ್ಯಾಂಪಲ್ ನೋಡಿ ಮನೆಗೆ ಬರುವವಳು. ಅವಳ ಅಪ್ಪಣೆಗೆ ಅಪೀಲು ಇರಲಿಲ್ಲ. ಹೀಗಾಗಿ ಒಂದು ವರ್ಷದಿಂದ ಚಾಮರಾಜ ಎಲ್ಲ ಮೀಟಿಂಗುಗಳಿಗೂ ಕ್ಯಾಮೆರಾ ಮುಚ್ಚಿಕೊಂಡೇ ಹೋಗುತ್ತಿದ್ದ. ಹಿಂದೆ ಆರು ಬನಿಯನ್ನುಗಳು ಸಾಲಾಗಿ ತೋಳು ಚಾಚಿ ಅವನ ಮಾತನ್ನು ಆಲಿಸುತ್ತಿದ್ದವು.

ಆ ಫೆಬ್ರುವರಿಯಲ್ಲಿ ಹತ್ತೊಂಬತ್ತು ದಿನ ಎಡೆಬಿಡದೆ ಮಳೆ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂದು ಸರ್ಕಾರದ ನಿಯಮ ಬೇರೆ. ಐದು ಕಿಲೋಮೀಟರಿನೊಳಗೆ ಇದ್ದದ್ದು ಒಂದು ಕೋಟೆ, ಒಂದು ನದಿ, ಮತ್ತು ಎರಡರ ಮೇಲೂ ಮಳೆ. ಇಪ್ಪತ್ತನೆಯ ದಿನ ಚಾಮರಾಜನ ಫೋನಿನಲ್ಲಿ ಒಂದು ಜಾಹೀರಾತು ಕಾಣಿಸಿತು: ದುಬೈಯಲ್ಲಿ ಬದುಕುವುದು ಮತ್ತು ಮನೆ ಕೊಳ್ಳುವುದು ಹೇಗೆ, ಉಚಿತ ಆನ್‌ಲೈನ್ ಗೋಷ್ಠಿ. ಅವನಿಗೆ ಮನೆ ಕೊಳ್ಳುವ ಯೋಚನೆ ಎಳ್ಳಷ್ಟೂ ಇರಲಿಲ್ಲ. ಬಿಸಿಲು ನೋಡೋಣವೆಂದು ಸೇರಿಕೊಂಡ.

ನಡೆಸಿಕೊಟ್ಟವಳು ಐಶು ಎಂಬ ಉಡುಪಿ ಕಡೆಯ ಹುಡುಗಿ. ಪಟ್ಟಿಯಲ್ಲಿ ಚಾಮರಾಜ ಎಂಬ ಹೆಸರು ಕಂಡದ್ದೇ ಗೋಷ್ಠಿ ಮುಗಿದ ಮೇಲೆ ಅವನಿಗೇ ಫೋನ್ ಮಾಡಿ ಕನ್ನಡದಲ್ಲಿ ಇನ್ನೊಮ್ಮೆ ಎಲ್ಲ ಹೇಳಿದಳು. "ಒಂದು ಲಿಫ್ಟಿನಲ್ಲಿ ಎಂಟು ಭಾಷೆ ಕೇಳ್ತದೆ ಸರ್. ಮೇಲಿನ ಮನೆಯವರು ಫಿಲಿಪೈನ್ಸಿನವರು, ಕೆಳಗಿನವರು ಈಜಿಪ್ಟಿನವರು. ನಮ್ಮವರ ಹೋಟೆಲು ನಡೆದು ಹೋಗುವಷ್ಟು ಹತ್ರ ಉಂಟು. ಮರುಭೂಮಿ ಅಂತ ಹೆಸರು ಮಾತ್ರ. ಜನ ಅಂದ್ರೆ ಜನ." ಚಾಮರಾಜ ಕೇಳಿ ಸಂತೋಷಪಟ್ಟು ನೋಡೋಣ ಎಂದ. ನೆನಪಿಗಿರಲಿ ಎಂದು ಅವಳು ಒಂದು ಚಿತ್ರ ಕಳಿಸಿದಳು. ಮೂವತ್ತೆರಡನೆಯ ಮಹಡಿಯ ಬಾಲ್ಕನಿ, ನೀಲಿ ಆಕಾಶ, ಕೆಳಗೆ ಖರ್ಜೂರದ ಮರಗಳು, ದೂರದಲ್ಲಿ ಬಂಗಾರದ ಬಣ್ಣದ ಮರಳು. ವಿಡಿಯೋ ಕಾಲ್ ಮಾಡುವಾಗ ನಮ್ಮ ಬೆನ್ನ ಹಿಂದೆ ಹಾಕಿಕೊಳ್ಳಲು ಬರುವಂಥದ್ದು.

ಹಾಕಿ ನೋಡಿದ. ಆರು ಬನಿಯನ್ನುಗಳೂ ಮಾಯ. ಒಂದು ವರ್ಷದ ಮೇಲೆ ಚಾಮರಾಜ ಕ್ಯಾಮೆರಾ ತೆರೆದ.

ಅಂದು ಶನಿವಾರ, ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದ ಪೂರ್ವಭಾವಿ ಸಭೆ. ಸಂಘದ ಅಧ್ಯಕ್ಷ ಶ್ರೀಕಂಠ ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರು. ಒಬ್ಬರ ಜೊತೆ ಮಾತನಾಡುವಾಗಲೂ ಸಭಿಕರನ್ನುದ್ದೇಶಿಸಿ ಮಾತನಾಡುವವರು. ಕಾರ್ಯದರ್ಶಿ ರಜನಿ ಕಾರ್ಕ್ ಊರಿನವರು. ಅವರಿಗೆ ಒಂದು ವಿಷಯ ತಿಳಿದರೆ ಅದನ್ನು ಪತ್ರಿಕೆಗೆ ಕೊಡುವ ಖರ್ಚು ಉಳಿಯುತ್ತಿತ್ತು. ಚಾಮರಾಜನ ಮುಖ ತೆರೆದುಕೊಂಡೊಡನೆ ಬೇವು ಎಲ್ಲಿ ಸಿಗುತ್ತದೆಂಬ ಚರ್ಚೆ ನಿಂತುಹೋಯಿತು.

"ಏನು ಚಾಮರಾಜ್, ದುಬೈಲಿ ಮನೆ ತಗೊಂಡ್ರಾ?" ಎಂದರು ಶ್ರೀಕಂಠ, ಅರ್ಧ ತಮಾಷೆಗೆ.

ಇಲ್ಲಿ ಚಾಮರಾಜ ನಿಜ ಹೇಳಬಹುದಿತ್ತು. ಆದರೆ ಹೇಳಬೇಕಾದರೆ ಹದಿನೆಂಟು ಸಂಸಾರಗಳ ಮುಂದೆ ಬನಿಯನ್ನಿನ ವಿಷಯ ಎತ್ತಬೇಕು. ಅವನು ತಲೆ ತಗ್ಗಿಸಿ ಸಣ್ಣಗೆ ನಕ್ಕು, "ಅಯ್ಯೋ, ಹಾಗೇನಿಲ್ಲ ಸರ್. ಸುಮ್ನೆ ನೋಡ್ತಿದ್ವಿ ಅಷ್ಟೆ," ಎಂದ.

ಸಭೆ ಗಂಭೀರವಾಯಿತು.

ಓದುಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ಆದರೂ ಹೇಳುತ್ತೇವೆ. ನಮ್ಮವರಲ್ಲಿ ಮನೆ ಕೊಂಡವನು ಕೊಂಡೆ ಎನ್ನುವುದಿಲ್ಲ. ಕಣ್ಣು ಬೀಳುತ್ತದೆ. ರಿಜಿಸ್ಟ್ರೇಷನ್ ಆಗಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೆಗೂ ಹಾಗೇನಿಲ್ಲ, ಸುಮ್ಮನೆ ನೋಡುತ್ತಿದ್ದೇವೆ ಎನ್ನುತ್ತಾನೆ. ನಿಜವಾಗಿ ಕೊಳ್ಳದವನು ಮಾತ್ರ ಅಲ್ಲಿ ನೋಡಿದೆ, ಇಲ್ಲಿ ನೋಡಿದೆ, ಅವನು ಇಷ್ಟಕ್ಕೆ ಕೊಡುತ್ತಾನಂತೆ ಎಂದು ಎರಡು ಗಂಟೆ ಮಾತನಾಡುತ್ತಾನೆ. ಸಂಘದ ಖಜಾಂಚಿ ಜಯರಾಮ ಡಬ್ಲಿನ್ನಿನಲ್ಲಿ ಮನೆ ಕೊಂಡಾಗ ಗೃಹಪ್ರವೇಶದ ಹಿಂದಿನ ದಿನದವರೆಗೂ ಹಾಗೇನಿಲ್ಲ ಎಂದಿದ್ದ. ಹೀಗಾಗಿ ಚಾಮರಾಜ ಹೇಳಿದ ಮಾತು ಕ್ರಯಪತ್ರಕ್ಕೆ ಸಮ. ಅದರ ಕೆಳಗೆ ಸಹಿ ಒಂದು ಬಾಕಿ.

ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಚಾಮರಾಜನ ಅತ್ತೆ ಸಾವಿತ್ರಮ್ಮನ ಫೋನು ಬಂತು. ಸುದ್ದಿ ಕಾರ್ಕಿನಿಂದ ರಜನಿಯ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ಹಾಲಿನ ಬೂತಿಗೆ, ಬೂತಿನಿಂದ ಸಾವಿತ್ರಮ್ಮನಿಗೆ ಬಂದಿತ್ತು. ಅಂಥದ್ದೇನೂ ಇಲ್ಲ, ಎಲ್ಲ ಸುಳ್ಳು ಎಂದು ಕಾತ್ಯಾಯಿನಿ ಕಡ್ಡಿ ಮುರಿದ ಹಾಗೆ ಹೇಳಿದಳು. ಸಾವಿತ್ರಮ್ಮ ಸಂತೋಷದಿಂದ ನಿಟ್ಟುಸಿರಿಟ್ಟರು.

"ಹಂಗೇ ಹೇಳ್ಬೇಕು ಕಾತಿ. ಹೆತ್ತ ತಾಯಿ ಕೇಳಿದ್ರೂ ಹಂಗೇ ಹೇಳ್ಬೇಕು. ಅಳಿಯಂದ್ರು ನಿಂಗೆ ಚೆನ್ನಾಗೇ ಕಲಿಸಿದಾರೆ."

ಮಂಗಳವಾರ ರಜನಿ ಕಾತ್ಯಾಯಿನಿಗೆ ಫೋನ್ ಮಾಡಿ, ಹೊರದೇಶಕ್ಕೆ ಸಾಮಾನು ಸಾಗಿಸುವುದು ಎಷ್ಟು ಕಷ್ಟವೆಂದು ಅರ್ಧ ಗಂಟೆ ಮರುಗಿ, ಕೊನೆಗೆ ವೆಟ್ ಗ್ರೈಂಡರನ್ನು ಯಾರಿಗೆ ಕೊಟ್ಟು ಹೋಗುತ್ತೀರೆಂದು ಕೇಳಿದರು. ಅದು ಐರ್ಲೆಂಡಿನ ಮಧ್ಯಭಾಗದಲ್ಲೆಲ್ಲ ಇದ್ದ ಒಂದೇ ಕಲ್ಲಿನ ಗ್ರೈಂಡರು. ಕೊಡುವುದಿಲ್ಲ, ಹೋಗುವುದೂ ಇಲ್ಲ ಎಂದಳು ಕಾತ್ಯಾಯಿನಿ. ಹಾಗಾದರೆ ಬೇರೆ ಯಾರೋ ಮುಂಚೆಯೇ ಕೇಳಿದ್ದಾರೆಂದು ರಜನಿ ಅರ್ಥ ಮಾಡಿಕೊಂಡು ನೊಂದುಕೊಂಡರು. ಬುಧವಾರ ಆದರ್ಶನೆಂಬ ಮಾಸ್ಟರ್ಸ್ ವಿದ್ಯಾರ್ಥಿ ಬಾಗಿಲಿಗೆ ಬಂದು ಎರಡು ಮೀಟರ್ ದೂರ ನಿಂತು, ಅಣ್ಣಾ, ಅವಸರವೇನಿಲ್ಲ, ಸೋಫಾದ ಅಳತೆ ತಗೊಂಡು ಹೋಗಲಾ ಎಂದು ಕೇಳಿದ. ಚಾಮರಾಜನಿಗೆ ಬೇಡ ಎನ್ನಲು ಸಂಕೋಚವಾಗಿ ಟೇಪು ಹುಡುಕಿಕೊಟ್ಟ.

ಈ ಮಧ್ಯೆ ಐಶು ಒಮ್ಮೆ ಫೋನ್ ಮಾಡಿದಳು. ಚಾಮರಾಜ ಮತ್ತೆ ನೋಡೋಣ ಎಂದ. "ಆಯ್ತು ಸರ್, ನೀವು ತಗೊಳ್ಳೋರಲ್ಲ, ನಂಗೆ ಗೊತ್ತಾಯ್ತು. ಮಳೆ ನಿಂತಿತಾ ಅಲ್ಲಿ?" ಎಂದು ಕೇಳಿ ಇಟ್ಟಳು. ಭೂಮಂಡಲದಲ್ಲಿ ತನ್ನ ಮಾತನ್ನು ಮಾತಿನ ಹಾಗೆಯೇ ತೆಗೆದುಕೊಂಡ ಒಂದೇ ಜೀವವೆಂದು ಚಾಮರಾಜನ ಕಣ್ಣು ತುಂಬಿ ಬಂತು.

ಆದರ್ಶ ಸಂಜೆ ಹೊತ್ತು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪಕ್ಕದ ಮನೆಯ ನೋಯೆಲ್ ಅಲ್ಲಿಗೇ ಪೇಪರಿಗೆ ಹೋಗುತ್ತಿದ್ದದ್ದು. ನೋಯೆಲ್ ರೈಲ್ವೆಯಲ್ಲಿದ್ದು ನಿವೃತ್ತನಾದವನು, ಒಬ್ಬಂಟಿ, ಎಪ್ಪತ್ತರ ಮೇಲಿನವನು. ಕಸದ ಬಿನ್ ಹೊರಗಿಡುವ ಗುರುವಾರ ಬೆಳಿಗ್ಗೆ ಮೋಟುಗೋಡೆಯ ಆಚೆ ನಿಂತು, ಬಿಸಿಲಿನ ದೇಶಕ್ಕೆ ಹೊರಟೆಯಂತಲ್ಲ ಎಂದ. ಚಾಮರಾಜ ಅಲ್ಲ, ಖಂಡಿತ ಅಲ್ಲ, ಅಂಥದ್ದೇನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಹೇಳಿದ. ನೋಯೆಲ್ ಒಂದು ಕಣ್ಣು ಮಿಟುಕಿಸಿ ತನ್ನ ಹಸಿರು ಬಿನ್ ಎಳೆದುಕೊಂಡು ಹೋದ.

ಬೇರೆ ದೇಶದವನಾದರೂ ನಂಬಿಯಾನೆಂದು ಚಾಮರಾಜ ಎಣಿಸಿದ್ದೇ ತಪ್ಪು. ಐರಿಷ್ ಜನ ಈ ವಿದ್ಯೆಯಲ್ಲಿ ನಮಗಿಂತ ಒಂದು ಕೈ ಮುಂದೆ. ಲಾಟರಿ ಹೊಡೆದವನು ಹರಿದ ಕೋಟು ಹಾಕಿಕೊಂಡು ಓಡಾಡುವ ಊರು ಅದು. ಸುದ್ದಿ ಆ ಮಧ್ಯಾಹ್ನವೇ ಬ್ರೀಡಾಳ ಮನೆ ತಲುಪಿತು.

ಬ್ರೀಡಾ ಚಾಮರಾಜನ ಬಾಡಿಗೆ ಮನೆಯ ಒಡತಿ. ಎಪ್ಪತ್ತನಾಲ್ಕು ವರ್ಷದ ವಿಧವೆ, ಎರಡು ರಸ್ತೆಯಾಚೆ ಇದ್ದಳು. ಆರು ವರ್ಷದಲ್ಲಿ ಒಂದು ದಿನವೂ ಗಟ್ಟಿಯಾಗಿ ಮಾತನಾಡಿದವಳಲ್ಲ. ಮರುದಿನ ಮಾಸ್ಕ್ ಹಾಕಿಕೊಂಡು, ಬಟ್ಟೆಯಲ್ಲಿ ಸುತ್ತಿದ ಸೋಡಾ ಬ್ರೆಡ್ ಹಿಡಿದು ಬಾಗಿಲಲ್ಲಿ ನಿಂತಳು. ಅವಳು ಹೇಳಿದ್ದರ ಸಾರಾಂಶ ಇಷ್ಟು. ಅವಳ ಅಕ್ಕನ ಮಗ ಆಸ್ಟ್ರೇಲಿಯಾದಿಂದ ಹೆಂಡತಿ ಮಕ್ಕಳೊಂದಿಗೆ ಆಗಸ್ಟ್ ಕೊನೆಗೆ ವಾಪಸು ಬರುತ್ತಿದ್ದಾನೆ. ಅವನಿಗೆ ಇರಲು ಮನೆಯಿಲ್ಲ. ಈ ಮನೆ ಬಿಡಿ ಎಂದು ಇವರನ್ನು ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ, ಕೇಳುವವಳೂ ಆಗಿರಲಿಲ್ಲ. ಈಗ ದೇವರೇ ದಾರಿ ತೋರಿಸಿದ. ನಿನ್ನೆ ರಾತ್ರಿಯೇ ಅವನಿಗೆ ಫೋನ್ ಮಾಡಿ ಹೇಳಿಬಿಟ್ಟಳು.

ಚಾಮರಾಜ ಅಯ್ಯೋ ಹಾಗಲ್ಲ ಎಂದ. ಎಂಥ ಒಳ್ಳೆಯವನಪ್ಪ ನೀನು, ಈಗಲೂ ನನ್ನ ಮನಸ್ಸಿಗೆ ನೋವಾಗದಿರಲೆಂದು ನೋಡುತ್ತೀಯ ಎಂದು ಅವಳು ಮಾಸ್ಕಿನ ಮೇಲಿಂದ ಕಣ್ಣೊರೆಸಿಕೊಂಡಳು. ಅಳುತ್ತಿರುವ ಮುದುಕಿ, ಬಿಸಿ ಬ್ರೆಡ್ಡು, ಹೊರಗೆ ಸುರಿಯುವ ಮಳೆ. ಚಾಮರಾಜ ಹಿಂದೆ ನೋಡಿದ, ಮುಂದೆ ನೋಡಿದ.

ಒಳಗೆ ಬಂದಾಗ ಕಾತ್ಯಾಯಿನಿ ಕೇಳಿದಳು. "ಏನಂದ್ರಿ ಅವ್ರಿಗೆ?"

"ಗ್ರ್ಯಾಂಡ್ ಅಂದೆ." ಐರ್ಲೆಂಡಿನಲ್ಲಿ ಹಾಗೆಂದರೆ ಆಗಲಿ, ಸಂತೋಷ ಎಂದು ಅರ್ಥ.

ಕಾತ್ಯಾಯಿನಿ ಸೋಡಾ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತಳು. ಇರುವ ಸೂರು ಹೋಯಿತು. ಆಗಸ್ಟ್ ಕೊನೆಗೆ ಮನೆ ಬಿಡಬೇಕು. ಅವಳ ಲ್ಯಾಬು ಈ ಊರಲ್ಲಿ. ಮಗಳು ಇಂಚರಾಳ ಶಾಲೆ ಈ ಬೀದಿಯ ತುದಿಯಲ್ಲಿ. ಎಂಟು ವರ್ಷದ ಇಂಚರಾ ಅಪ್ಪನನ್ನು ಅಪ್ಪಟ ಅತ್ಲೋನ್ ಉಚ್ಚಾರದಲ್ಲಿ, "ಆರ್ ವೀ ಹೋಮ್‌ಲೆಸ್ ನೌ, ಅಪ್ಪಾ?" ಎಂದು ಕೇಳಿದಳು. ಹಾಗೇನಿಲ್ಲ ಎಂದ ಚಾಮರಾಜ. ಮಗು ಅಳಲು ಶುರು ಮಾಡಿತು. ಅವಳಿಗೂ ಆ ಮಾತಿನ ಅರ್ಥ ತಿಳಿದುಹೋಗಿತ್ತು.

ಬಾಡಿಗೆ ಮನೆ ಹುಡುಕಾಟ ಆರಂಭವಾಯಿತು. ಇಡೀ ಅತ್ಲೋನಿನಲ್ಲಿ ಖಾಲಿ ಇದ್ದದ್ದು ನಾಲ್ಕು ಮನೆ. ಒಂದಕ್ಕೆ ನಲವತ್ತು ಅರ್ಜಿ. ಎರಡನೆಯದಕ್ಕೆ ಏಜೆಂಟು ಫೋನ್ ತೆಗೆದವನು ಹೆಸರು ಕೇಳಿದ ಕೂಡಲೇ, ಅರೆ, ದುಬೈಗೆ ಹೋಗುವವನು ನೀನೇ ಅಲ್ಲವೇ ಎಂದ. ಅಲ್ಲ ಎಂದದ್ದಕ್ಕೆ ನಕ್ಕು ಅಭಿನಂದನೆ ಹೇಳಿ, ಮೂರು ತಿಂಗಳಿಗೆಂದು ಮನೆ ಹಿಡಿಯುವವರಿಗೆ ಕೊಡುವುದಿಲ್ಲ ಎಂದು ಇಟ್ಟ. ಮೂರು ಮತ್ತು ನಾಲ್ಕನೆಯದು ಅದೇ ಏಜೆಂಟಿನವು.

ಅದೇ ವಾರ ಆಫೀಸಿನ ಮಾನವ ಸಂಪನ್ಮೂಲ ವಿಭಾಗದಿಂದ ಕರೆ ಬಂತು. ಅನುಮತಿಯಿಲ್ಲದೆ ಹೊರದೇಶದಲ್ಲಿ ಕುಳಿತು ಕೆಲಸ ಮಾಡುವುದು ವರ್ಕ್ ಪರ್ಮಿಟ್ಟಿಗೂ ತೆರಿಗೆಗೂ ಸಂಬಂಧಿಸಿದ ಗಂಭೀರ ವಿಷಯವೆಂದು ಇಬ್ಬರು ಅಧಿಕಾರಿಣಿಯರು ಪರದೆಯ ಮೇಲೆ ಕೂತು ವಿವರಿಸಿದರು. ಚಾಮರಾಜ ತಾನು ಅತ್ಲೋನಿನಲ್ಲೇ ಇದ್ದೇನೆಂದ. ಅವನ ಹಿಂದೆ ಮರುಭೂಮಿಯ ಸೂರ್ಯ ಝಗಝಗಿಸುತ್ತಿದ್ದ. ಖರ್ಜೂರದ ಮರವೊಂದು ಅವನ ಕಿವಿಯಿಂದ ಬೆಳೆದಂತೆ ನಿಂತಿತ್ತು. ಅಧಿಕಾರಿಣಿಯರು ಏನನ್ನೋ ಬರೆದುಕೊಂಡರು. ಆ ಚಿತ್ರವನ್ನು ತೆಗೆಯುವುದು ಹೇಗೆಂದು, ಹನ್ನೆರಡು ವರ್ಷ ಸಾಫ್ಟ್‌ವೇರ್ ಪರೀಕ್ಷಿಸಿದ ಚಾಮರಾಜನಿಗೆ ಗಾಬರಿಯಲ್ಲಿ ತಿಳಿಯಲಿಲ್ಲ. ಒತ್ತಿದ್ದನ್ನೆಲ್ಲ ಒತ್ತಿದ. ಮೊದಲು ಸಮುದ್ರ ಬಂತು, ಆಮೇಲೆ ಬಾಹ್ಯಾಕಾಶ ಬಂತು, ಮೂರನೆಯದಾಗಿ ಆರು ಬನಿಯನ್ನು, ಎರಡು ಪಂಚೆ, ಇಂಚರಾಳ ಶಾಲೆಯ ಉಣ್ಣೆಯ ಕಾಲುಚೀಲಗಳು ಪ್ರತ್ಯಕ್ಷವಾದವು. ಒಂದು ಕಾಲುಚೀಲದಿಂದ ತೊಟ್ಟಿಕ್ಕುತ್ತಿತ್ತು.

ಹಿರಿಯ ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಐರ್ಲೆಂಡೇ," ಎಂದು ಫೈಲು ಮುಚ್ಚಿದಳು.

ಕೆಲಸ ಉಳಿಯಿತು, ಮನೆ ಉಳಿಯಲಿಲ್ಲ. ಮತ್ತು ಯುಗಾದಿ ಬಂತು.

ಸಂಘದವರು ಚಾಮರಾಜನನ್ನು ಬೀಳ್ಕೊಡಲು ನಿಶ್ಚಯಿಸಿದ್ದರು. ಹಬ್ಬಕ್ಕೆ ನಾಲ್ಕು ದಿನ ಮೊದಲು ಅಂಚೆಯಲ್ಲಿ ಒಂದು ಡಬ್ಬಿ ಬಂತು. ಅದರಲ್ಲಿ ಶಾಲು, ಮೈಸೂರು ಪೇಟ, ಒಂದು ಫಲಕ, ಮತ್ತು ಕಾರ್ಯಕ್ರಮ ಮುಗಿದ ಮೇಲೆ ಪೇಟವನ್ನು ಇದೇ ಡಬ್ಬಿಯಲ್ಲಿ ಹಿಂದಿರುಗಿಸತಕ್ಕದ್ದು ಎಂಬ ಚೀಟಿ. ಸಂಘಕ್ಕೆ ಇದ್ದದ್ದು ಒಂದೇ ಪೇಟ. ಲೀಕ್ಸ್‌ಲಿಪ್‌ನಲ್ಲಿರುವ ಅಧ್ಯಕ್ಷರು ನಿಯಮದ ಪ್ರಕಾರ ಜಿಲ್ಲೆ ದಾಟಿ ಬರುವಂತಿಲ್ಲವಾದ್ದರಿಂದ ಸನ್ಮಾನವನ್ನು ಅವನ ಹೆಂಡತಿಯೇ ನೆರವೇರಿಸಬೇಕೆಂದು ಠರಾವು ಆಗಿತ್ತು.

ಅರವತ್ತು ಚೌಕಗಳಲ್ಲಿ ಐರ್ಲೆಂಡಿನ ಕನ್ನಡಿಗರು ಸೇರಿದರು. ಮೈಸೂರಿನಿಂದ ಸಾವಿತ್ರಮ್ಮನೂ ಸೇರಿದರು, ಅವರ ಚೌಕದಲ್ಲಿ ಹಣೆ ಮಾತ್ರ ಕಾಣುತ್ತಿತ್ತು. ಶ್ರೀಕಂಠ ಬಿನ್ನವತ್ತಳೆ ಓದಿದರು. ಅದರಲ್ಲಿ ಚಾಮರಾಜನನ್ನು ಮರಳುಗಾಡಿಗೆ ಕಾವೇರಿಯನ್ನು ಒಯ್ಯುತ್ತಿರುವ ಧೀಮಂತನೆಂದು ಕರೆದಿತ್ತು. ಇನ್ನು ಶಾಲು ಎಂದರು. ಲ್ಯಾಬಿನಲ್ಲಿ ಹನ್ನೆರಡು ಗಂಟೆ ಕೆಲಸ ಮುಗಿಸಿ ಬಂದಿದ್ದ ಕಾತ್ಯಾಯಿನಿ, ಒಣಗಿದ ಬಟ್ಟೆಯನ್ನು ಸ್ಟ್ಯಾಂಡಿಗೆ ಎಸೆಯುವಂತೆ ಶಾಲನ್ನು ಅವನ ಮೇಲೆ ಹಾಕಿದಳು. ಪೇಟ ಎಂದರು. "ಬಗ್ಗಿ ಸ್ವಲ್ಪ," ಎಂದು ಹಲ್ಲು ಕಚ್ಚಿ ಅದನ್ನು ಅವನ ಹುಬ್ಬಿನವರೆಗೂ ಒತ್ತಿ ಕೂರಿಸಿದಳು. ಹಾರವನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲ. ಆದ್ದರಿಂದ ಶ್ರೀಕಂಠ ಲೀಕ್ಸ್‌ಲಿಪ್‌ನಲ್ಲಿ ತಮ್ಮ ಕ್ಯಾಮೆರಾಕ್ಕೆ ಒಂದು ಹಾರ ಹಾಕಿದರು, ಚಾಮರಾಜ ಅತ್ಲೋನಿನಲ್ಲಿ ಕತ್ತು ಬಗ್ಗಿಸಿ ಅದನ್ನು ಸ್ವೀಕರಿಸಿದ. ಎರಡು ನಿಮಿಷ ಅಧ್ಯಕ್ಷರ ಬದಲು ಸೇವಂತಿಗೆಯೇ ಕಾಣುತ್ತಿತ್ತು. ಅರವತ್ತು ಚೌಕಗಳೂ ಚಪ್ಪಾಳೆ ತಟ್ಟಿದವು, ಧ್ವನಿ ಬಂದ್ ಆಗಿದ್ದರಿಂದ ಸದ್ದಾಗಲಿಲ್ಲ.

ಈಗ ಚಾಮರಾಜ ಎರಡು ಮಾತು ಆಡಬೇಕು ಎಂದರು.

ಚಾಮರಾಜ ಗಂಟಲು ಸರಿಮಾಡಿಕೊಂಡ. ಮೂರು ರಾತ್ರಿಯಿಂದ ಇದಕ್ಕೆ ಧೈರ್ಯ ತಂದುಕೊಳ್ಳುತ್ತಿದ್ದ. ತಾನು ಯಾವ ಮನೆಯನ್ನೂ ಕೊಂಡಿಲ್ಲ, ದುಬೈ ನೋಡಿಯೇ ಇಲ್ಲ, ಅಂದು ಹಿಂದೆ ಕಂಡದ್ದು ಒಂದು ಚಿತ್ರ, ಅದನ್ನು ಹಾಕಿದ್ದು ಬನಿಯನ್ನು ಮುಚ್ಚಲು, ಈ ಗೌರವಕ್ಕೆ ತಾನು ಅರ್ಹನೇ ಅಲ್ಲ, ಇರುವ ಬಾಡಿಗೆ ಮನೆಯೂ ಕೈಬಿಟ್ಟಿದೆ, ಎಲ್ಲಾದರೂ ಒಂದು ಮನೆ ಖಾಲಿ ಇದ್ದರೆ ದಯವಿಟ್ಟು ತಿಳಿಸಿ ಎಂದು ಒಂದೂ ಬಿಡದೆ ಹೇಳಿದ. ಹೇಳುವಾಗ ಅವನ ಧ್ವನಿ ನಡುಗಿತು. ಪೇಟದ ಜರಿ ಮಿನುಗಿತು.

ಖಜಾಂಚಿ ಜಯರಾಮ ಕರವಸ್ತ್ರ ತೆಗೆದ. ಕೈಮುಗಿದ ಚಿತ್ರಗಳು ಪರದೆಯ ಬದಿಯಲ್ಲಿ ಇರುವೆಯಂತೆ ಏರತೊಡಗಿದವು.

"ಸನ್ಮಾನಕ್ಕೆ ಅರ್ಹನಲ್ಲ ಅಂತ ಸನ್ಮಾನದ ಹೊತ್ತಲ್ಲೇ ಹೇಳೋ ವಿನಯ ಇದೆಯಲ್ಲ," ಎಂದರು ಶ್ರೀಕಂಠ, ಸೇವಂತಿಗೆಯ ಹಿಂದಿನಿಂದ, "ಇದನ್ನ ನಾವು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ." ಸಾವಿತ್ರಮ್ಮನ ಹಣೆ ಹೆಮ್ಮೆಯಿಂದ ಅಲ್ಲಾಡಿತು.

ಕಾತ್ಯಾಯಿನಿ ಲ್ಯಾಪ್‌ಟಾಪನ್ನು ಮುಚ್ಚಿದಳು. "ನೀವು ಹೇಳಿದ್ದು ಸರಿಯಾಗೇ ಇದೆ. ಆದ್ರೆ ಪೇಟ ಹಾಕ್ಕೊಂಡು ಯಾರಾದ್ರೂ ನಿಜ ಹೇಳ್ತಾರೇನ್ರೀ?"

ಬೆಳಗ್ಗೆ ಎದ್ದವಳೇ ಅವನನ್ನೂ ಕರೆದುಕೊಂಡು ಬ್ರೀಡಾಳ ಗೇಟಿನ ಬಳಿ ಹೋದಳು. ಪೀಠಿಕೆಯಿಲ್ಲದೆ, ಮುಗುಳ್ನಗೆಯಿಲ್ಲದೆ, ಲ್ಯಾಬಿನ ವರದಿ ಓದುವ ಧ್ವನಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಬ್ರೀಡಾಳಿಗೆ ಗೇಟು ಹಿಡಿದುಕೊಳ್ಳಬೇಕಾಯಿತು. ಇವನೇಕೆ ನನಗೆ ಹೇಳಲಿಲ್ಲ ಎಂದಳು. ಹೇಳಿದರು, ನೀವು ಬ್ರೆಡ್ ತಂದ ದಿನವೇ ಎಂದಳು ಕಾತ್ಯಾಯಿನಿ. ಹೌದು, ಹೇಳಿದ, ಆದರೆ ಅಷ್ಟು ಚೆನ್ನಾಗಿ ಹೇಳಿದರೆ ಯಾರು ನಂಬುತ್ತಾರೆ ಎಂದು ಬ್ರೀಡಾ ದುಃಖದಿಂದ ಚಾಮರಾಜನನ್ನು ನೋಡಿದಳು. ಅಕ್ಕನ ಮಗ ಅಲ್ಲಿ ಕೆಲಸ ಬಿಟ್ಟಾಗಿತ್ತು, ಟಿಕೆಟ್ಟೂ ಆಗಿತ್ತು. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವಂತಿರಲಿಲ್ಲ. ಆಗ ಬ್ರೀಡಾ ತಾನಾಗಿಯೇ ಒಂದು ಸಂಗತಿ ಹೇಳಿದಳು. ಅವಳ ಗಂಡ ಮದುವೆಗೆ ಮುಂಚೆ ಒಂದು ವರ್ಷ, ತಮ್ಮಿಬ್ಬರ ನಡುವೆ ಅಂಥದ್ದೇನೂ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದನಂತೆ. ಅವನ ಮನಸ್ಸು ಗಟ್ಟಿಯಾಗಿದೆಯೆಂದು ಅವಳಿಗೆ ಗೊತ್ತಾದದ್ದು ಹಾಗೆಯೇ. "ಈ ಬೀದಿಯಲ್ಲಿ ಹೌದು ಅಂತ ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ, ಮಗಳೇ."

ಕಾತ್ಯಾಯಿನಿ ಆ ಮಾತನ್ನೇ ಮೆಲುಕು ಹಾಕುತ್ತ ಹಿಂದಿರುಗಿದಳು. ಮನೆ ಹತ್ತಿರ ಬಂದಾಗ ನಿಂತಳು. ನೋಯೆಲ್ ತನ್ನ ಗೇಟಿಗೆ ಬಣ್ಣ ಬಳಿಯುತ್ತಿದ್ದ. ಆರು ವರ್ಷದಲ್ಲಿ ಅವನು ಆ ಗೇಟನ್ನು ತೆರೆದು ಮುಚ್ಚಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಕಿಟಕಿಯ ಪರದೆಗಳನ್ನೂ ಬಿಚ್ಚಿ ತೆಗೆದಿದ್ದ.

ನಿಮ್ಮ ಮಗಳು ಇರುವುದು ಕಾರ್ಕಿನಲ್ಲಲ್ಲವೇ, ಅಲ್ಲಿಗೆ ಹೋಗಿಬಿಡುವ ಯೋಚನೆ ಏನಾದರೂ ಇದೆಯೇ ಎಂದು ಕಾತ್ಯಾಯಿನಿ ಕೇಳಿದಳು. ನೋಯೆಲ್ ತಲೆಯೆತ್ತದೆ, ಛೆ ಛೆ, ಎಲ್ಲಿಯ ಮಾತು, ಈ ವಯಸ್ಸಿನಲ್ಲಿ ನಾನೆಲ್ಲಿಗೆ ಹೋಗಲಿ, ಅಂಥದ್ದೇನೂ ಇಲ್ಲ ಎಂದ. ಚಾಮರಾಜನಿಗೆ ಸಮಾಧಾನವಾಗಿ, ಹಾಗಾದರೆ ಒಳ್ಳೆಯದಾಯಿತು ಎಂದು ಹೇಳಲು ಬಾಯಿ ತೆರೆದ. ಕಾತ್ಯಾಯಿನಿ ಅವನ ಕಾಲು ತುಳಿದಳು.

"ಯಾವ ತಿಂಗಳು?" ಎಂದು ಕೇಳಿದಳು.

ನೋಯೆಲ್‌ನ ಕುಂಚ ಗೇಟಿನ ಮೇಲೆ ನಿಂತುಬಿಟ್ಟಿತು. ಅವನು ಕುಂಚಕ್ಕೇ ಹೇಳುವಂತೆ, "ಜುಲೈ," ಎಂದ.

ಆಮೇಲೆ ಮಾತೆಲ್ಲ ಸುಲಭವಾಯಿತು. ಮಗಳು ಒಂದು ವರ್ಷದಿಂದ ಕರೆಯುತ್ತಿದ್ದಳು. ಬೀದಿಯವರಿಗೆ ಹೇಳಲು ನೋಯೆಲ್‌ಗೆ ಸಂಕೋಚ. ಏಜೆಂಟಿಗೆ ಹೇಳಿದರೆ ಮಾಸ್ಕ್ ಹಾಕಿದ ಅಪರಿಚಿತರು ಬಂದು ಅಡುಗೆಮನೆಯ ಬಾಗಿಲು ತೆರೆದು ನೋಡುತ್ತಾರೆಂದು ಭಯ. ನಿಮಗಾದರೆ ಮನೆ ಗೊತ್ತಿದೆ, ಗೋಡೆಯಾಚೆಯಿಂದ ದಿನವೂ ನೋಡಿದ್ದೀರಿ ಎಂದ. ಕೊಳ್ಳುವ ಶಕ್ತಿ ನಮಗೆಲ್ಲಿದೆ ಎಂದು ಚಾಮರಾಜ ರಾತ್ರಿಯೆಲ್ಲ ಹೊರಳಾಡಿದ. ಇದೆ, ನೀವು ಯಾವತ್ತೂ ಬ್ಯಾಂಕಿನವರನ್ನ ಕೇಳಿಲ್ಲ ಅಷ್ಟೆ ಎಂದು ಕಾತ್ಯಾಯಿನಿ ಪಕ್ಕಕ್ಕೆ ತಿರುಗಿ ಮಲಗಿದಳು.

ಬ್ಯಾಂಕಿನವರ ಕಾಲ್ ಬಂತು. ಸಾಲದ ಅರ್ಜಿಯಲ್ಲಿ ಇಪ್ಪತ್ತಾರನೆಯ ಪ್ರಶ್ನೆ: ಪ್ರಪಂಚದ ಯಾವುದೇ ದೇಶದಲ್ಲಿ ನಿಮಗೆ ಸ್ವಂತ ಮನೆ ಇದೆಯೇ? ಇದ್ದರೆ ಮೊದಲ ಬಾರಿ ಮನೆ ಕೊಳ್ಳುವವರ ಸವಲತ್ತು ಇಲ್ಲ. ಅಧಿಕಾರಿ ಅತ್ಲೋನಿನವನೇ. ಪೆನ್ನು ಹಿಡಿದು ಚಾಮರಾಜನ ಮುಖವನ್ನೇ ನೋಡುತ್ತಿದ್ದ ರೀತಿಯಿಂದ ಅವನಿಗೂ ಸುದ್ದಿ ಮುಟ್ಟಿದೆಯೆಂದು ತಿಳಿಯುತ್ತಿತ್ತು. ಚಾಮರಾಜನ ಮುಖದಲ್ಲಿ ಆ ವಿನಯದ ನಗೆ ಮೂಡತೊಡಗಿತು. ತಲೆ ಒಂದು ಕಡೆಗೆ ವಾಲತೊಡಗಿತು. ಕಾತ್ಯಾಯಿನಿ ಕ್ಯಾಮೆರಾದ ಆಚೆ ನಿಂತು ಎರಡು ಕೈಯಲ್ಲೂ ಬೇಡ ಬೇಡ ಎಂದು ಸನ್ನೆ ಮಾಡಿದಳು. ಚಾಮರಾಜ ನೆಟ್ಟಗೆ ಕುಳಿತ. ನಗೆಯನ್ನು ನುಂಗಿದ. ಜೀವನದಲ್ಲಿ ಮೊದಲ ಬಾರಿಗೆ ಒಂದೇ ಅಕ್ಷರದಲ್ಲಿ ಉತ್ತರ ಕೊಟ್ಟ.

"ನೋ."

ಅಧಿಕಾರಿ ಬೆಚ್ಚಿಬಿದ್ದು ಬರೆದುಕೊಂಡ.

ಜುಲೈ ತಿಂಗಳಲ್ಲಿ ನೋಯೆಲ್ ಎರಡು ಪೆಟ್ಟಿಗೆ ಹಿಡಿದು ಕಾರ್ಕಿಗೆ ಹೋದ. ವಕೀಲರು ತಮ್ಮ ಪದ್ಧತಿಯಂತೆ ಆರು ವಾರ ಏನೂ ಮಾಡದೆ, ಆಗಸ್ಟ್ ಇಪ್ಪತ್ತೇಳರಂದು ಒಂದೇ ದಿನ ಎಲ್ಲ ಮಾಡಿದರು. ಮನೆ ಬದಲಾವಣೆಗೆ ಲಾರಿ ಬೇಕಾಗಲಿಲ್ಲ. ಮೋಟುಗೋಡೆಯ ಈಚೆ ಚಾಮರಾಜ, ಆಚೆ ಕಾತ್ಯಾಯಿನಿ, ನಡುವೆ ಸಂಸಾರ. ಎದುರು ಮನೆಯ ಪೋಲೆಂಡಿನವರು ಹಾಸಿಗೆ ಹಿಡಿದರು, ಮೂಲೆಮನೆಯ ನೈಜೀರಿಯಾದ ನರ್ಸಮ್ಮ ಪಾತ್ರೆ ಹಿಡಿದಳು, ಆದರ್ಶ ತಾನೇ ಅಳತೆ ತೆಗೆದಿದ್ದ ಸೋಫಾವನ್ನು ಹೊತ್ತ. ಬ್ರೀಡಾ ಎಲ್ಲರಿಗೂ ಚಹಾ ಮಾಡಿದಳು. ಅವಳ ಅಕ್ಕನ ಮಗ ಮರುದಿನ ಬಂದು ಖಾಲಿ ಮನೆಗೆ ಇಳಿದ.

ಇನ್ನು ಗುಟ್ಟು ಬೇಡ, ಗುಟ್ಟಿನಿಂದಲೇ ಇಷ್ಟೆಲ್ಲ ಆದದ್ದು ಎಂದು ಚಾಮರಾಜ ತೀರ್ಮಾನಿಸಿದ್ದ. ಅತ್ಲೋನಿನಲ್ಲೇ ಸ್ವಂತ ಮನೆ ಕೊಂಡಿದ್ದೇವೆ, ನಿಮ್ಮೆಲ್ಲರ ಹಾರೈಕೆ ಇರಲಿ ಎಂದು ಸಂಘದ ಗುಂಪಿಗೆ ಬರೆದು, ಬಾಗಿಲಲ್ಲಿ ಮೂವರೂ ನಿಂತ ಫೋಟೋ ಹಾಕಿದ. ಗುಂಪು ಎರಡು ಗಂಟೆ ಉಸಿರೆತ್ತಲಿಲ್ಲ. ಮನೆ ಕೊಂಡವನು ಕೊಂಡೆ ಎಂದು ಹೀಗೆ ಡಂಗುರ ಹೊಡೆಯುತ್ತಾನೆಯೇ? ಫೋಟೋದಲ್ಲಿದ್ದದ್ದು ಅದೇ ಬೀದಿ, ಅದೇ ಬಗೆಯ ಬಾಗಿಲು. ಎಲ್ಲರಿಗೂ ಒಂದೇ ಹೊತ್ತಿಗೆ ವಿಷಯ ಅರ್ಥವಾಯಿತು. ದುಬೈ ಮುಳುಗಿದೆ, ಪಾಪ ಮುಖ ಉಳಿಸಿಕೊಳ್ಳುತ್ತಿದ್ದಾರೆ. ಶ್ರೀಕಂಠ ಕಷ್ಟಗಳು ಮನುಷ್ಯನನ್ನು ಪುಟಕ್ಕಿಡುತ್ತವೆ ಎಂದು ನಾಲ್ಕು ಸಾಲು ಬರೆದರು. ಸಾವಿತ್ರಮ್ಮ ಒಬ್ಬರೇ ಸ್ವಲ್ಪ ಅನುಮಾನದಿಂದ, ಯಾವುದಕ್ಕೂ ಬಾಗಿಲಿಗೊಂದು ಬೂದುಗುಂಬಳಕಾಯಿ ಕಟ್ಟಿ, ಇಷ್ಟು ಬಾಯಿಬಿಟ್ಟ ಮೇಲೆ ಊರ ಕಣ್ಣೆಲ್ಲ ಅಲ್ಲೇ ಇರುತ್ತದೆ ಎಂದರು. ಚಾಮರಾಜ ಹೊಸ ಬಾಗಿಲ ಮೇಲೆ ಒಂದು ಮೊಳೆ ಹೊಡೆದು, ಅತ್ಲೋನಿನ ಐದೂ ಅಂಗಡಿ ಸುತ್ತಿ ಬೂದುಗುಂಬಳ ಕೇಳಿಕೊಂಡು ಬರಿಗೈಯಲ್ಲಿ ಬಂದ.

ಬಂದಾಗ ಕಾತ್ಯಾಯಿನಿ ಅಡುಗೆಮನೆಯ ಕಿಟಕಿಯ ಬಳಿ ಫೋನಿನಲ್ಲಿದ್ದಳು. ಆಚೆ ಕಡೆ ರಜನಿ. "ಹೂಂ ಕಣ್ರೀ... ಏನ್ ಮಾಡೋದು... ಇಲ್ಲ, ಅವ್ರು ಊಟ ಗೀಟ ಮಾಡ್ತಿದಾರೆ... ಇದರಲ್ಲೇ ಸುಧಾರಿಸ್ಕೊಂಡು ಹೋಗ್ತೀವಿ ಬಿಡಿ," ಎನ್ನುತ್ತ, ಬಿಡುವಾದ ಕೈಯಿಂದ ತನ್ನ ಸ್ವಂತ ಗೋಡೆಯನ್ನು ಸವರುತ್ತಿದ್ದಳು. ಫೋನ್ ಇಟ್ಟಳು.

"ಮನೆ ನಮ್ದೇ ಅಂತ ಹೇಳ್ದೆ ತಾನೇ?" ಎಂದ ಚಾಮರಾಜ.

"ಎರಡು ಸಲ ಹೇಳ್ದೆ. ಪಾಪ, ಅತ್ತೇಬಿಟ್ರು."

"ಇನ್ನೊಂದ್ ಸಲ ಹೇಳೋಣ್ವಾ?"

"ಬೇಡ ಬಿಡಿ. ಇಡೀ ಐರ್ಲೆಂಡಲ್ಲಿ ಒಬ್ಬರ ಕಣ್ಣೂ ಬೀಳದೆ ಇರೋ ಮನೆ ಇದೊಂದೇ."

ಚಾಮರಾಜ ಅದನ್ನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಹೊಸ್ತಿಲಿಗೆ ಹೋಗಿ, ಬೂದುಗುಂಬಳಕ್ಕೆಂದು ಹೊಡೆದ ಮೊಳೆಗೆ ತನ್ನ ಮಾಸ್ಕನ್ನು ನೇತುಹಾಕಿ, ಒಳಗೆ ಬಂದು ಬಾಗಿಲು ಹಾಕಿಕೊಂಡ.